ಸಮಾಲೋಚನೆ ಕೊಠಡಿಯ ಮೈಕು

ಹೊನ್ನೆಮಕ್ಕಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಸರಿಯಾಗಿ ಬೀಗ ಬೀಳುವ ಕೋಣೆ ಇದ್ದದ್ದು ಒಂದೇ ಒಂದು. ಹಿಂದೆ ಅದರೊಳಗೆ ಹರಿದ ವಾಲಿಬಾಲ್ ನೆಟ್ಟು, ಗಾಳಿ ಹೋದ ಚೆಂಡುಗಳು, ಕಾಲು ಮುರಿದ ಬೆಂಚುಗಳು ಬಿದ್ದಿರುತ್ತಿದ್ದವು. ಆ ವರ್ಷ ಶಾಲೆಗೆ ಶುಕ್ರದೆಸೆ ತಿರುಗಿತು. ಹೆಣ್ಣುಮಕ್ಕಳಿಗೆ ಹೊಸ ಶೌಚಾಲಯ ಮಂಜೂರಾಯಿತು. ಹಳೆ ವಿದ್ಯಾರ್ಥಿಗಳ ಸಂಘದವರು ಮೈಕ್ ಸೆಟ್ಟು ಕೊಡಿಸಿ, ಒಂದೊಂದು ಕ್ಲಾಸಿಗೆ ಒಂದೊಂದು ಸ್ಪೀಕರನ್ನೂ ಜಗಲಿಗೆ ಒಂದು ದೊಡ್ಡದನ್ನೂ ಹಾಕಿಸಿದರು. ಮಕ್ಕಳ ಮನಸ್ಸಿನ ಮಾತು ಕೇಳಲು ಶಾಲೆಯಲ್ಲಿ ಪ್ರತ್ಯೇಕ ಕೋಣೆ ಇರತಕ್ಕದ್ದು ಎಂದು ಮೇಲಿನಿಂದ ಸುತ್ತೋಲೆಯೂ ಬಂತು. ಮೈಕು ಕಳವಾಗಬಾರದೆಂದು ಹೆಡ್‌ಮಾಸ್ಟರ್ ಮಂಜುನಾಥಪ್ಪ ಅದನ್ನು ಬೀಗ ಬೀಳುವ ಕೋಣೆಯಲ್ಲೇ ಇಡಿಸಿದರು. ಮಕ್ಕಳ ಗುಟ್ಟು ಹೊರಗೆ ಹೋಗಬಾರದೆಂದು ಸಮಾಲೋಚನೆಯನ್ನೂ ಅಲ್ಲೇ ಇಡಿಸಿದರು. ಊರಿಗೆಲ್ಲ ಕೇಳಿಸುವ ಯಂತ್ರವನ್ನೂ ಯಾರಿಗೂ ಕೇಳಿಸಬಾರದ ಮಾತನ್ನೂ ಒಂದೇ ಬಾಗಿಲೊಳಗೆ ಕೂಡಿಹಾಕುತ್ತಿದ್ದೇವೆ ಎಂಬುದು, ಅಷ್ಟೆಲ್ಲ ಬಿ.ಎಡ್. ಮಾಡಿದವರಿದ್ದ ಆ ಶಾಲೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ವಾಗ್ದೇವಿಗೂ ಹೊಳೆಯಲಿಲ್ಲ. ಆಕೆ ವಿಜ್ಞಾನದ ಟೀಚರು, ಹತ್ತನೇ ಕ್ಲಾಸಿನ ಕ್ಲಾಸ್ ಟೀಚರು. ಶಿವಮೊಗ್ಗದಲ್ಲಿ ಮೂರು ದಿನದ ತರಬೇತಿಗೆ ಹೋಗಿಬಂದ ತಪ್ಪಿಗೆ ಸಮಾಲೋಚಕಿಯೂ ಆಗಿದ್ದಳು. ಸ್ವಭಾವದಲ್ಲಿ ಮಹಾ ಪುಕ್ಕಲಿ. ಹಲ್ಲಿ ಕಂಡರೆ ಹೆದರುತ್ತಿದ್ದಳು, ಹೆಡ್‌ಮಾಸ್ಟರ್ ಕೆಮ್ಮಿದರೆ ಹೆದರುತ್ತಿದ್ದಳು, ಲ್ಯಾಬಿನಲ್ಲಿ ಆಸಿಡ್ ಬಾಟಲಿಯ ಮುಚ್ಚಳ ತೆಗೆಯುವಾಗ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದಳು. ಅಂಥವಳ ಕೈಗೆ ನೂರಾರು ಮಕ್ಕಳ ಹೆದರಿಕೆಗಳನ್ನು ಒಪ್ಪಿಸಿದ್ದು ಇಲಾಖೆಯವರು ಮಾಡಿದ ತಮಾಷೆ ಅನ್ನಬೇಕು. ಆದರೂ ಪಾಪ, ಮನಸ್ಸಿಟ್ಟು ಕೋಣೆ ಸಜ್ಜುಮಾಡಿದಳು. ಕಿಟಕಿಗೆ ಸೂರ್ಯಕಾಂತಿ ಹೂವಿನ ಪರದೆ ಹಾಕಿದಳು. 'ಇಲ್ಲಿ ಆಡಿದ ಮಾತು ಇಲ್ಲೇ ಇರುತ್ತದೆ' ಎಂದು ಬಣ್ಣದ ಕಾಗದದಲ್ಲಿ ಅಕ್ಷರ ಕತ್ತರಿಸಿ ಗೋಡೆಗೆ ಅಂಟಿಸಿದಳು. ಮೇಜಿನ ಮೂಲೆಯಲ್ಲಿ ಕೂತಿದ್ದ ಆಂಪ್ಲಿಫೈಯರ್ ಕೋಣೆಯ ಅಂದ ಕೆಡಿಸುತ್ತಿದೆ ಎನ್ನಿಸಿ, ಮನೆಯಿಂದ ತಾನೇ ಹೆಣೆದ ಕ್ರೋಷಾ ಬಟ್ಟೆಯೊಂದನ್ನು ತಂದು ಅದಕ್ಕೆ ಹೊದಿಸಿದಳು. ಪಕ್ಕದ ಮೈಕಿನ ಕತ್ತು ಬಗ್ಗಿಸಿ ಪ್ಲಾಸ್ಟಿಕ್ ಹೂದಾನಿಯ ಹಿಂದೆ ನಿಲ್ಲಿಸಿದಳು.

ಅದು ಡಿಸೆಂಬರಿನ ಒಂದು ಗುರುವಾರ. ಸೋಮವಾರ ಶಾಸಕರು ಬಂದು ಶೌಚಾಲಯ ಉದ್ಘಾಟಿಸುವವರಿದ್ದರು. ಮಧ್ಯಾಹ್ನ ಊಟದ ಗಂಟೆ ಮುಗಿಯುತ್ತಲೇ ಮಂಜುನಾಥಪ್ಪ ಮೈಕಿನ ಮುಂದೆ ಕೂತು, ಅಂದು ಎಲ್ಲರೂ ಇಸ್ತ್ರಿ ಮಾಡಿದ ಯೂನಿಫಾರಂ ಹಾಕಿಕೊಂಡು ಬರತಕ್ಕದ್ದು ಎಂದು ಶುರುಮಾಡಿ ಅರ್ಧಕ್ಕೆ ಬಂದಾಗ ಕರೆಂಟ್ ಹೋಯಿತು. ಅವರೇನು ಬಿಡುವವರಲ್ಲ. ಎದ್ದು ಜಗಲಿಗೆ ಬಂದು ಉಳಿದರ್ಧವನ್ನು ಗಂಟಲಿನಿಂದಲೇ ಮುಗಿಸಿ, ಕರೆಯೋಲೆ ಕೊಡಬೇಕೆಂದು ಹೊಸನಗರಕ್ಕೆ ಹೊರಟುಹೋದರು. ಸ್ವಿಚ್ ಆರಿಸಲಿಲ್ಲ. ಕರೆಂಟ್ ಹೋದಮೇಲೆ ಸ್ವಿಚ್ ಆರಿಸುವ ಅಭ್ಯಾಸ ನಮ್ಮ ಕಡೆ ಯಾರಿಗಿದೆ? ಅದು ಬರುವುದೇ ಯಾವಾಗಲೋ. ಅವರು ಗೇಟು ದಾಟುವ ಮೊದಲೇ ಹತ್ತನೇ ಕ್ಲಾಸಿನ ಸುಷ್ಮಾ ಎದ್ದುನಿಂತು, ಅವರದೇ ದನಿಯಲ್ಲಿ, ಅವರದೇ ಕೆಮ್ಮಿನ ಸಮೇತ, 'ಬರತಕ್ಕದ್ದು' ಎಂದಳು. ಆ ಹುಡುಗಿಗೆ ಊರಿನ ಯಾರ ದನಿಯೂ ಬರುತ್ತಿತ್ತು. ಕ್ಲಾಸು ಬಿದ್ದುಬಿದ್ದು ನಕ್ಕಿತು. ವಾಗ್ದೇವಿ ಅವಳಿಗೆ ಬೈದು, ಗಣಿತದ ಮೇಷ್ಟ್ರು ರಜೆಯಿದ್ದುದರಿಂದ ಎಲ್ಲರೂ ಸುಮ್ಮನೆ ಕೂತು ಓದಿಕೊಳ್ಳಿ ಎಂದು ಹೇಳಿದಳು. ಎಂಟು ಒಂಬತ್ತನೆಯವರು ಸೋಮವಾರದ ಸ್ವಾಗತದ ಕವಾಯತಿಗೆಂದು ಕೆಳಗಿನ ಮೈದಾನಕ್ಕೆ ಹೋಗಿದ್ದರು. ಶಾಲೆ ಅಪರೂಪಕ್ಕೆ ನಿಶ್ಶಬ್ದವಾಗಿತ್ತು.

ಆ ನಿಶ್ಶಬ್ದ ನೋಡಿಯೇ ದೀಪಶ್ರೀ ಸಮಾಲೋಚನೆ ಕೊಠಡಿಗೆ ಬಂದದ್ದು. ಥ್ರೋಬಾಲ್ ಚೆನ್ನಾಗಿ ಆಡುವ ಹುಡುಗಿ, ಸದಾ ಶೀತ ಹಿಡಿದಂಥ ಒಡಕು ದನಿ. ಅವಳ ಅಪ್ಪ ಉಮೇಶ ಟೈಲ್ಸ್ ಕೆಲಸದವನು, ಆಗ ಅದೇ ಶಾಲೆಯ ಶೌಚಾಲಯಕ್ಕೆ ಟೈಲ್ಸ್ ಕೂರಿಸುತ್ತಿದ್ದ. ನೀಟು ಮನುಷ್ಯ, ಟೀಚರುಗಳನ್ನು ಕಂಡರೆ ತಲೆಗೆ ಕಟ್ಟಿದ ಟವೆಲು ಬಿಚ್ಚಿ ಮಾತಾಡಿಸುತ್ತಿದ್ದ. ಇಂಥ ಅಪ್ಪ ಇದ್ದರೆ ಚೆನ್ನ ಎಂದು ವಾಗ್ದೇವಿ ಒಂದೆರಡು ಸಲ ಅಂದುಕೊಂಡಿದ್ದೂ ಇತ್ತು. ದೀಪಶ್ರೀ ಬಾಗಿಲು ಹಾಕಿಕೊಂಡು ಕೂತಳು. ಅಪ್ಪ ಅಮ್ಮನಿಗೆ ಹೊಡೆಯುತ್ತಾನೆ ಎಂದಳು. ಕುಡಿದು ಹೊಡೆಯುವುದಲ್ಲ, ಕುಡಿಯುವ ಅಭ್ಯಾಸವೇ ಇಲ್ಲ. ಕೈಕಾಲು ತೊಳೆದು, ಬಾಗಿಲು ಹಾಕಿ, ರೇಡಿಯೋ ಜೋರು ಮಾಡಿ ಹೊಡೆಯುತ್ತಾನೆ. ಕಳೆದ ವರ್ಷ ಅಮ್ಮ ಇವಳನ್ನು ಕರೆದುಕೊಂಡು ತವರಿಗೆ ಹೊರಟಿದ್ದಳು. ಯಾರೋ ಅವನ ಕಿವಿಗೆ ಹಾಕಿಬಿಟ್ಟರು. ಬಸ್ ಸ್ಟಾಂಡಿನಲ್ಲಿ ಕಾದಿದ್ದು, ಎಲ್ಲರೆದುರು ನಗುನಗುತ್ತ ಬ್ಯಾಗು ಎತ್ತಿಕೊಂಡು ಮನೆಗೆ ಕರೆತಂದ. ಅಡಿಕೆ ಸುಲಿದು ಬದುಕುವ ಹೆಂಗಸು ಅವಳ ಅಮ್ಮ ಶ್ಯಾಮಲಾ. ಆಮೇಲೆ ಎರಡು ತಿಂಗಳು ಅವಳಿಗೆ ಬಲಗೈ ಎತ್ತಲಾಗಲಿಲ್ಲ.

ಇಷ್ಟು ಹೇಳುವ ಹೊತ್ತಿಗೆ ಕರೆಂಟ್ ಬಂತು. ಫ್ಯಾನು ಕಿರುಗುಟ್ಟುತ್ತ ತಿರುಗತೊಡಗಿತು. ಆಚೆ ಟೈಲ್ಸ್ ಕತ್ತರಿಸುವ ಮಿಷನ್ ಕಿರ್ರೆಂದು ಚೀರಿತು. ವಾಗ್ದೇವಿಗೆ ಫ್ಯಾನಿನ ಗಾಳಿ ಹಿತವೆನ್ನಿಸಿತೇ ಹೊರತು ಬೇರೇನೂ ತಲೆಗೆ ಬರಲಿಲ್ಲ.

"ನಾಡಿದ್ದು ಶನಿವಾರ ನಾವು ಹೋಗ್ತೀವಿ ಮೇಡಂ," ಎಂದಳು ದೀಪಶ್ರೀ. "ನಾನು ಶಾಲೆಗೆ ಅಂತ ಹೊರಡ್ತೀನಿ, ಅಮ್ಮ ಸುಲಿಯಕ್ಕೆ ಅಂತ ಹೊರಡ್ತಾಳೆ. ಎಂಟೂವರೆ ಸಾಗರದ ಬಸ್ಸು. ಅಲ್ಲಿ ದೊಡ್ಡಮ್ಮ ಎಲ್ಲ ಮಾತಾಡಿದಾಳೆ. ವಾಪಸ್ ಬರಲ್ಲ. ನಂಗೆ ಕೇಳ್ಬೇಕಾಗಿದ್ದು ಒಂದೇ, ನಾನು ಪರೀಕ್ಷೆ ಬರೀಬಹುದಾ?"

ಈ ಪ್ರಶ್ನೆಗೆ ಮಾತ್ರ ವಾಗ್ದೇವಿಗೆ ಉತ್ತರ ಗೊತ್ತಿತ್ತು. ಹೆಸರು ನೋಂದಣಿ ಆಗಿಹೋಗಿದೆ, ಸಾಗರದಿಂದಲೇ ಬರೆಯುವ ವ್ಯವಸ್ಥೆಯನ್ನು ತಾನು ಓಡಾಡಿ ಮಾಡಿಸುತ್ತೇನೆ ಎಂದು ಧೈರ್ಯ ಹೇಳಿದಳು. ಯಾವ ಸ್ಟಾಪಿನಲ್ಲಿ ಹತ್ತುತ್ತೀರಿ, ಸಾಗರದಲ್ಲಿ ಯಾರು ಬರುತ್ತಾರೆ ಎಂದೆಲ್ಲ ಕಾಳಜಿಯಿಂದ ಬಿಡಿಸಿ ಬಿಡಿಸಿ ಕೇಳಿದಳು. ಹುಡುಗಿಯೂ ಬಿಡಿಸಿ ಬಿಡಿಸಿ ಹೇಳಿದಳು. ನಡುವೆ ಮಿಷನ್ ನಿಂತಿತು. ಅದು ನಿಂತ ಹಾಗೆಯೇ ಎಲ್ಲೋ ಮಕ್ಕಳು ಒಟ್ಟಾಗಿ ಹದಿನೇಳರ ಮಗ್ಗಿ ಕಿರುಚಲು ಹತ್ತಿದರು. ಹದಿನೇಳೊಂದ್ಲಿ ಹದಿನೇಳು, ಹದಿನೇಳೆರಡ್ಲಿ ಮೂವತ್ನಾಲ್ಕು. ಮುಗಿದರೆ ಮತ್ತೆ ಮೊದಲಿಂದ. ಪಕ್ಕದ ಪ್ರೈಮರಿ ಶಾಲೆಯವರಿಗೆ ಹೊತ್ತಿಲ್ಲ ಗೊತ್ತಿಲ್ಲ ಎಂದು ಗೊಣಗಿ ವಾಗ್ದೇವಿ ಎದ್ದು ಕಿಟಕಿ ಹಾಕಿದಳು.

ದೀಪಶ್ರೀ ಹೋದಮೇಲೆ ಆಕೆ ಹೂದಾನಿ ಸರಿಮಾಡಿದಳು, ಕುರ್ಚಿ ಒಳಗೆ ತಳ್ಳಿದಳು, ಕ್ರೋಷಾ ಬಟ್ಟೆ ಒಂದು ಕಡೆ ಜಾರಿದ್ದನ್ನು ಎಳೆಯಲು ಕೈಹಾಕಿದಳು. ಬಟ್ಟೆಯ ತೂತುಗಳೊಳಗಿಂದ ಕೆಂಪು ದೀಪ ಕಾಣಿಸಿತು.

ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಬೆರಳಿನಿಂದ ಮೈಕನ್ನು ಮೆಲ್ಲಗೆ ತಟ್ಟಿದಳು. ಆಚೆ ಜಗಲಿಯಲ್ಲಿ ಟಕ್ ಎಂದಿತು. ವಾಗ್ದೇವಿ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಕಿತ್ತ ಪ್ಲಗ್ಗನ್ನು ಕೈಯಲ್ಲೇ ಹಿಡಿದು ಕುರ್ಚಿಯಲ್ಲಿ ಕುಸಿದಳು. ಕರೆಂಟ್ ಬಂದದ್ದು ಯಾವಾಗ? ಹೊಡೆತದ ಕಥೆ ಮುಗಿದಮೇಲೆ. ಅಂದರೆ ಹೊರಗೆ ಹೋದದ್ದು ಶನಿವಾರ, ಎಂಟೂವರೆ, ಸಾಗರದ ಬಸ್ಸು, ಸ್ಟಾಪು, ದೊಡ್ಡಮ್ಮ. ಹುಡುಗಿ ತಾನಾಗಿ ಹೇಳದೆ ಇದ್ದದ್ದನ್ನೂ ಈಕೆ ಬಾಯಿಬಿಡಿಸಿ ಹೊರಗೆ ಕಳಿಸಿದ್ದಳು. ಎದುರುಗಡೆ ಗೋಡೆಯಲ್ಲಿ 'ಇಲ್ಲಿ ಆಡಿದ ಮಾತು ಇಲ್ಲೇ ಇರುತ್ತದೆ' ಎಂದು ಬಣ್ಣಬಣ್ಣದ ಅಕ್ಷರಗಳು ಇವಳನ್ನೇ ನೋಡುತ್ತಿದ್ದವು. ಅದನ್ನು ಹರಿದು ಹಾಕಬೇಕೆನ್ನಿಸಿತು.

ಹೇಗೋ ಎದ್ದು ಹತ್ತನೇ ಕ್ಲಾಸಿಗೆ ಹೋದಳು. ಅಷ್ಟೂ ಮಕ್ಕಳು ತಲೆ ತಗ್ಗಿಸಿ ಓದುತ್ತಿದ್ದರು. ದೀಪಶ್ರೀ ನೀರಿಗೆ ಹೋಗಿದ್ದವಳು ಇನ್ನೂ ಬಂದಿರಲಿಲ್ಲ. ಮೈಕಿನಲ್ಲಿ ಈಗ ಏನಾದರೂ ಕೇಳಿಸಿತೇ ಎಂದು ವಾಗ್ದೇವಿ ಆದಷ್ಟು ಸಾಮಾನ್ಯ ದನಿಯಲ್ಲಿ ವಿಚಾರಿಸಿದಳು. ಸುಷ್ಮಾ ಎದ್ದುನಿಂತು, ನಮ್ಮ ಕ್ಲಾಸಿನ ಸ್ಪೀಕರು ಆಗ ಕರೆಂಟ್ ಹೋದಾಗಲೇ ಕೆಟ್ಟಿದೆ ಮೇಡಂ ಎಂದಳು. ಹೌದು ಮೇಡಂ ಎಂದು ಉಳಿದವರು ತಲೆಯಾಡಿಸಿದರು. ಸರ್ಕಾರಿ ಶಾಲೆಗೆ ಬಂದ ಹೊಸ ಸಾಮಾನು ಉದ್ಘಾಟನೆಗೆ ಮೊದಲೇ ಕೆಡುವುದರಲ್ಲಿ ಆಶ್ಚರ್ಯವೇನೂ ಇಲ್ಲವಾದ್ದರಿಂದ ವಾಗ್ದೇವಿ ನಂಬಿದಳು. ನಂಬುವುದು ಆಗ ಅವಳಿಗೆ ಬೇಕೂ ಆಗಿತ್ತು. ಆದರೆ ಜಗಲಿಯ ಕೊನೆಯಲ್ಲಿ, ದೊಡ್ಡ ಸ್ಪೀಕರಿನ ಕೆಳಗೆ, ಉಮೇಶ ಕುಕ್ಕರುಗಾಲಲ್ಲಿ ಕೂತು ಟೈಲ್ಸಿನ ಸಂದಿಗೆ ಬಿಳಿ ಪೌಡರು ತುಂಬುತ್ತಿದ್ದ.

"ಬಂದ್ರಾ ಮೇಡಂ," ಎಂದು ಅವನು ಟವೆಲು ಬಿಚ್ಚಿದ. "ಸೋಮವಾರದ ಒಳಗೆ ಮುಗಿಸ್ತೀನಿ, ಹೆದರ್ಬೇಡಿ."

ಮೈಕಿನ ಸದ್ದಿನಿಂದ ಕೆಲಸಕ್ಕೆ ತೊಂದರೆಯಾಯಿತೇ ಎಂದು ಆಕೆ ಕೇಳಿದಳು.

"ನಿಮ್ಮ ದನಿ ಬರ್ತಿತ್ತು. ಎಂತ ಅಂತ ಗೊತ್ತಾಗ್ಲಿಲ್ಲ. ಇಲ್ಲಿ ಮಿಷನ್ನು, ಅಲ್ಲಿ ಮಕ್ಕಳ ಗಲಾಟೆ." ಅವನು ಬೆರಳಲ್ಲಿ ಸಂದಿಯೊಂದನ್ನು ನಯವಾಗಿ ಒರೆಸಿದ. "ಬೆಳಿಗ್ಗೆ ನೀವು ಹಾಜರಿ ಕರೀತೀರಲ್ಲ, ಆವಾಗ ಮಾತ್ರ ಮಿಷನ್ ನಿಲ್ಲಿಸ್ತೀನಿ. ಕಿಟಕೀಲಿ ಕೇಳ್ತದೆ. ಮಗಳು ಎಸ್ ಮೇಡಂ ಅಂದ್ಲು ಅಂದ್ರೆ ಆವತ್ತಿಗೆ ನಂಗೆ ನೆಮ್ಮದಿ."

ಅವನು ನಕ್ಕ. ವಾಗ್ದೇವಿಯೂ ನಕ್ಕಳು. ಆ ನಗುವಿನಲ್ಲಿ ಏನಾದರೂ ಇತ್ತೇ ಎಂದು ಮನೆ ಮುಟ್ಟುವ ತನಕ ಯೋಚಿಸಿದಳು.

ಸಂಜೆ ಹಿತ್ತಿಲಿಗೆ ಹೋಗಿ, ತರಬೇತಿಯಲ್ಲಿ ಪಾಠ ಮಾಡಿದ್ದ ಶಿವಮೊಗ್ಗದ ಮಹಾಲಕ್ಷ್ಮೀ ಮೇಡಮ್ಮಿಗೆ ಫೋನು ಮಾಡಿದಳು. ಮೈಕಿನ ಸಂಗತಿ ಹೇಳುವಾಗ ಅಳು ಬಂದುಬಿಟ್ಟಿತು. ಆ ಮೇಡಂ ಬೈಯಲಿಲ್ಲ. ಸಾಗರದ ಬಸ್ ಸ್ಟಾಂಡಿಗೆ, ನೊಂದ ಹೆಂಗಸರಿಗೆ ನೆರವಾಗುವ ಸಾಂತ್ವನ ಕೇಂದ್ರದವರು ಬಂದು ನಿಲ್ಲುವಂತೆ ಮಾಡುತ್ತೇನೆ, ಪೊಲೀಸು ಕಂಪ್ಲೇಂಟು ಎಲ್ಲ ಅಲ್ಲಿ ಮುಟ್ಟಿದಮೇಲೆ, ನೀವು ಗಾಬರಿಯಲ್ಲಿ ಅವನನ್ನು ಹೋಗಿ ಮಾತಾಡಿಸಿ ಕೆದಕಬೇಡಿ ಎಂದರು. ಹುಡುಗಿಗೆ ಮಾತ್ರ ನಿಜ ಹೇಳಿಬಿಡಿ, ಹೊರಡುವುದೋ ಬಿಡುವುದೋ ಅವರು ತೀರ್ಮಾನಿಸಲಿ ಎಂದರು. ಹೊನ್ನೆಮಕ್ಕಿಯಲ್ಲಿ ಅವರು ಬಸ್ಸು ಹತ್ತುವ ತನಕದ್ದು ಮಾತ್ರ ಯಾರ ಕೈಯಲ್ಲೂ ಇರಲಿಲ್ಲ. ವಾಗ್ದೇವಿ ಒಳಗೆ ಬಂದು ಊಟಕ್ಕೆ ಕೂತಳು, ಅನ್ನ ಕಲಸಿದ್ದೇ ಬಂತು.

"ಎಂತ ಆತು ನಿಂಗೆ?" ಎಂದ ಗಂಡ ಶ್ರೀಶ.

"ಎಂತೂ ಇಲ್ಲೆ," ಎಂದು ಎದ್ದು ಕೈತೊಳೆದಳು.

ಶುಕ್ರವಾರ ದೀಪಶ್ರೀ ಶಾಲೆಗೆ ಬಂದದ್ದು ಕಂಡು ಅರ್ಧ ಜೀವ ಬಂತು. ಲ್ಯಾಬಿಗೆ ಕರೆದು, ಬೀಕರು ತೊಳೆಯುವ ನೆಪದಲ್ಲಿ ನಲ್ಲಿ ಬಿಟ್ಟು, ಮೈಕು ಚಾಲೂ ಇತ್ತು, ನನ್ನಿಂದ ತಪ್ಪಾಯಿತು ಎಂದಳು. ಹುಡುಗಿ ಬಿಳಿಚಿಕೊಂಡಳು. ರಾತ್ರಿ ಅಪ್ಪ ಏನಾದರೂ ಅಂದನೇ ಎಂದು ವಾಗ್ದೇವಿ ಕೇಳಿದಳು. ಏನೂ ಅನ್ನಲಿಲ್ಲ ಎಂಬ ಉತ್ತರಕ್ಕೆ ಆಕೆ ಉಸಿರುಬಿಟ್ಟಳು.

"ಅದೇ ಹೆದರಿಕೆ ಮೇಡಂ," ಎಂದಳು ದೀಪಶ್ರೀ. "ಹೋದ್ಸಲನೂ ಗೊತ್ತಿದ್ದೂ ಏನೂ ಅಂದಿರಲಿಲ್ಲ. ಹಿಂದಿನ ದಿನ ಜಿಲೇಬಿ ತಂದಿದ್ದ. ನಿನ್ನೆನೂ ತಂದಿದಾನೆ."

ವಾಗ್ದೇವಿ, ಹಾಗಾದರೆ ಅಮ್ಮನಿಗೆ ಹೇಳು, ಬೇರೆ ದಿನ ಹೊರಡಿ ಎಂದು ಗಡಿಬಿಡಿಯಿಂದ ಹೇಳಿದಳು. ದೀಪಶ್ರೀ ಬೇಡವೆಂದು ತಲೆಯಾಡಿಸಿದಳು.

"ಹೇಳಿದ್ರೆ ಅಮ್ಮ ಹೊರಡಲ್ಲ. ಈ ಸಲ ನಿಂತ್ಲು ಅಂದ್ರೆ ಮತ್ತೆ ಯಾವತ್ತೂ ಹೊರಡಲ್ಲ. ನೀವು ಹೇಳ್ಬೇಡಿ ಮೇಡಂ. ನಾನೂ ಹೇಳಲ್ಲ."

ಹದಿನೈದು ವರ್ಷದ ಹುಡುಗಿ ಅಷ್ಟು ಹೇಳಿ ನಲ್ಲಿ ನಿಲ್ಲಿಸಿ, ಮುಖ ಒರೆಸಿಕೊಂಡು ಕ್ಲಾಸಿಗೆ ಹೋದಳು. ಮೂವತ್ತೆಂಟು ವರ್ಷದ ಟೀಚರು ಬೀಕರು ಹಿಡಿದು ಅಲ್ಲೇ ನಿಂತಿದ್ದಳು. ಅವತ್ತಿಡೀ ದಿನ ಊರಿನ ಪ್ರತಿಯೊಂದು ಮುಖವೂ ಅವಳಿಗೆ ಎಲ್ಲ ಗೊತ್ತಿರುವ ಮುಖದಂತೆ ಕಂಡಿತು. ಬಿಸಿಯೂಟದ ಅಡುಗೆಯವರು ಪಿಸುಗುಟ್ಟಿದರೆ ಅದೇ ಸುದ್ದಿ, ಹಾಲಿನ ಡೈರಿಯ ಮುಂದೆ ಇಬ್ಬರು ನಿಂತಿದ್ದರೆ ಅದೇ ಸುದ್ದಿ. ಸುಷ್ಮಾ ಸ್ಟಾಫ್ ರೂಮಿಗೆ ಬಂದು ಚಾಕ್‌ಪೀಸ್ ಕೇಳಿದಾಗಲೂ ಬೆಚ್ಚಿಬಿದ್ದಳು. ಇಂಥ ಹುಡುಗಿಯ ಕಿವಿಗೆ ಒಂದು ಮಾತು ಬಿದ್ದಿದ್ದರೆ ಸಂಜೆಯೊಳಗೆ ಅದು ಅವರವರ ದನಿಯಲ್ಲೇ ಊರೆಲ್ಲ ಆಡಿಬರುತ್ತಿತ್ತು. ಸದ್ಯ ಸ್ಪೀಕರು ಕೆಟ್ಟಿತ್ತಲ್ಲ ಎಂದು ಅಂದುಕೊಳ್ಳುತ್ತಲೇ ಅವಳು ಆ ದಿನ ಕಳೆದಳು.

ಶನಿವಾರ ಬೆಳಗಿನ ಶಾಲೆ. ವಾಗ್ದೇವಿ ಎಲ್ಲರಿಗಿಂತ ಮೊದಲು ಬಂದಳು. ಮಂಜಿನಲ್ಲಿ ಧ್ವಜಕಂಬದ ತುದಿ ಕಾಣುತ್ತಿರಲಿಲ್ಲ. ಶೌಚಾಲಯದ ಹತ್ತಿರ ಉಮೇಶನ ಬೈಕು ನಿಂತಿತ್ತು. ಅವನು ಇಲ್ಲಿದ್ದಾನೆ, ಅಂದರೆ ಬಸ್ ಸ್ಟಾಂಡಿನಲ್ಲಿಲ್ಲ ಎಂದು ಅವಳು ದೇವರಿಗೆ ಕೈಮುಗಿಯುವಷ್ಟರಲ್ಲಿ ಅವನೇ ಎದುರಿಗೆ ಬಂದ. ಬೈಕಿನ ಕೀ ಬೆರಳಲ್ಲಿ ತಿರುಗುತ್ತಿತ್ತು.

"ಎಂಟೂವರೆ ಸಾಗರದ ಬಸ್ಸು ಸರಿಯಾದ ಟೈಮಿಗೇ ಬರ್ತದಾ ಮೇಡಂ?"

ವಾಗ್ದೇವಿ ಯಾಕೆ ಎಂದು ಕೇಳಿದಳೋ, ಕೇಳಿದೆ ಅಂದುಕೊಂಡಳೋ.

"ಪೌಡರ್ ಖಾಲಿ. ಕಂಡಕ್ಟರ್ ಹತ್ರ ಹೇಳಿದ್ರೆ ಸಂಜೆ ಟ್ರಿಪ್ಪಿಗೆ ತಂದ್ಕೊಡ್ತಾನೆ. ಹಾಜರಿ ಆದಮೇಲೆ ಒಂದ್ಸಲ ಸ್ಟಾಂಡಿಗೆ ಹೋಗಿಬರ್ತೀನಿ."

ಆ ಮಾತಿನಲ್ಲಿ ಸುಳ್ಳೇನೂ ಇರಬೇಕೆಂದಿಲ್ಲ. ನಮ್ಮ ಕಡೆ ಔಷಧಿ, ಬೀಗದ ಕೈ, ಮದುವೆ ಕಾಗದ ಎಲ್ಲವೂ ಬಸ್ಸಿನವರ ಕೈಯಲ್ಲೇ ಓಡಾಡುವುದು. ಆದರೆ ಬಸ್ಸುಗಳಲ್ಲಿ ಅದೇ ಬಸ್ಸು. ಮಹಾಲಕ್ಷ್ಮೀ ಮೇಡಂ ಅವನನ್ನು ಮಾತಾಡಿಸಿ ಕೆದಕಬೇಡಿ ಎಂದಿದ್ದು ನೆನಪಿತ್ತು. ಹಲ್ಲಿಗೆ ಹೆದರುವ ವಾಗ್ದೇವಿ ಅದನ್ನು ಪಕ್ಕಕ್ಕಿಟ್ಟು, ಹುಟ್ಟಿದಂದಿನಿಂದ ಹೇಳದಷ್ಟು ದೊಡ್ಡ ಸುಳ್ಳನ್ನು ಹೇಳಿದಳು. ನಮ್ಮ ಮನೆಯವರು ಈಗಷ್ಟೆ ಬೈಕಿನಲ್ಲಿ ಸಾಗರಕ್ಕೆ ಹೊರಟರು, ಫೋನು ಮಾಡಿದರೆ ಮಧ್ಯಾಹ್ನವೇ ಪೌಡರು ಬರುತ್ತದೆ, ನೀವು ಕೆಲಸ ನಿಲ್ಲಿಸಬೇಡಿ, ಹೆಡ್‌ಮಾಸ್ಟರು ಕೂಗಾಡುತ್ತಾರೆ ಎಂದಳು. ಶ್ರೀಶ ಆ ಹೊತ್ತಿಗೆ ಮನೆಯಲ್ಲಿ ಕಂಬಳಿ ಹೊದ್ದು ಮಲಗಿದ್ದ. ಉಮೇಶ ಅವಳ ಮುಖವನ್ನೇ ನೋಡಿದ. ಕೀ ತಿರುಗುವುದು ನಿಂತಿತು.

"ಸರಿ. ಹಾಜರಿ ಆಗ್ಲಿ, ನೋಡಾಣ," ಎಂದ.

ಕೀಯನ್ನು ಜೇಬಿಗೆ ಹಾಕಲಿಲ್ಲ. ಅವಳ ಜೊತೆಯಲ್ಲೇ ನಡೆದು ಬಂದು, ಹತ್ತನೇ ಕ್ಲಾಸಿನ ಕಿಟಕಿಗೆ ತಾಗಿದ ಕೈತೊಳೆಯುವ ಕಟ್ಟೆಯ ಹತ್ತಿರ ಕೂತು, ಮಿಷನ್ ಚಾಲೂ ಮಾಡಿ ಒಂದು ಟೈಲ್ಸ್ ಕತ್ತರಿಸತೊಡಗಿದ. ವಾಗ್ದೇವಿ ಕ್ಲಾಸಿನೊಳಗೆ ಹೋದಳು. ಮೂರನೇ ಬೆಂಚಿನ ತುದಿಯಲ್ಲಿ ದೀಪಶ್ರೀಯ ಜಾಗ ಖಾಲಿ ಇತ್ತು. ಗೋಡೆ ಗಡಿಯಾರ ನೋಡಿದಳು. ಬಸ್ಸಿಗೆ ಇನ್ನೂ ಹೊತ್ತಿತ್ತು. ಇವತ್ತು ಹಾಜರಿಯೇ ಬೇಡ, ಪಾಠ ಶುರುಮಾಡಿಬಿಡೋಣ ಎಂದು ಚಾಕ್‌ಪೀಸ್ ಎತ್ತಿಕೊಂಡಳು.

ಅಷ್ಟರಲ್ಲಿ ತಲೆಯ ಮೇಲೆ ಗುಡುಗಿದಂತೆ ಮಂಜುನಾಥಪ್ಪನವರ ದನಿ ಬಂತು. ಸೋಮವಾರದ ತಯಾರಿಗೆ ಎಷ್ಟು ಮಕ್ಕಳಿದ್ದಾರೆಂದು ಲೆಕ್ಕ ಬೇಕು, ಎಲ್ಲ ಕ್ಲಾಸ್ ಟೀಚರುಗಳೂ ಈ ಕೂಡಲೇ ಹಾಜರಿ ತೆಗೆದುಕೊಳ್ಳತಕ್ಕದ್ದು. ಒಂದೊಂದು ಅಕ್ಷರವೂ ಸ್ಪಷ್ಟ, ಕೆಮ್ಮು ಕೂಡ ಸ್ಪಷ್ಟ. ದನಿ ಬಂದದ್ದು ಹತ್ತನೇ ಕ್ಲಾಸಿನದೇ ಸ್ಪೀಕರಿನಿಂದ.

ವಾಗ್ದೇವಿ ತಲೆಯೆತ್ತಿ ಸ್ಪೀಕರು ನೋಡಿದಳು. ಆಮೇಲೆ ಮಕ್ಕಳನ್ನು ನೋಡಿದಳು. ಯಾರೂ ಅವಳನ್ನು ನೋಡುತ್ತಿರಲಿಲ್ಲ. ಸ್ಪೀಕರು ಕೆಟ್ಟಿರಲಿಲ್ಲ, ಯಾವತ್ತೂ ಕೆಟ್ಟಿರಲಿಲ್ಲ. ಗುರುವಾರ ಇವರೆಲ್ಲ ಕೇಳಿದ್ದಾರೆ, ಕೇಳಿ ಮುಖಕ್ಕೆ ಹೊಡೆದಂತೆ ಸುಳ್ಳು ಹೇಳಿದ್ದಾರೆ. ಇಷ್ಟು ಮಕ್ಕಳು, ಇಷ್ಟು ಮನೆಗಳು, ನಡುವೆ ಎರಡು ರಾತ್ರಿ. ಇನ್ನು ಕಿಟಕಿಯಾಚೆ ಕೂತವನಿಗೆ ಗೊತ್ತಾಗದೆ ಇರುತ್ತದೆಯೇ? ಅವನು ಕೀಯನ್ನು ಜೇಬಿಗೆ ಹಾಕದಿದ್ದುದು ಅದಕ್ಕೇ. ಆಟ ಆಡಿಸುತ್ತಿದ್ದಾನೆ, ಹೋದ ಸಲ ಆಡಿಸಿದ ಹಾಗೆಯೇ. ಆಕೆಯ ಕೈಯಿಂದ ಚಾಕ್‌ಪೀಸ್ ಬಿದ್ದು ಎರಡಾಯಿತು.

ಕಿಟಕಿಯಾಚೆ ಮಿಷನ್ ನಿಂತಿತು.

ಇನ್ನು ಕರೆಯದೆ ವಿಧಿಯಿರಲಿಲ್ಲ. ಹುಡುಗರ ಹೆಸರುಗಳನ್ನು ಕರೆದಳು. ಎಸ್ ಮೇಡಂ, ಎಸ್ ಮೇಡಂ. ಆದಷ್ಟು ನಿಧಾನ ಮಾಡಿದಳು, ಬೇಕೆಂದೇ ಒಬ್ಬನ ಹೆಸರನ್ನು ಎರಡು ಸಲ ಕರೆದಳು. ಹುಡುಗಿಯರ ಹೆಸರು ಬಂದವು. ಕಿಟಕಿಯ ಸರಳುಗಳ ಆಚೆ ಉಮೇಶನ ತಲೆಯ ಟವೆಲು ಅಲುಗಾಡದೆ ಕಾಣುತ್ತಿತ್ತು. ಚೈತ್ರಾ ಎಂದಳು, ಎಸ್ ಮೇಡಂ ಬಂತು. ಮುಂದಿನ ಹೆಸರನ್ನು ಹಾರಿಸಿಬಿಟ್ಟರೆ ಅವನು ಎದ್ದು ಹೋಗುತ್ತಾನೆ. ಕರೆದು ಉತ್ತರ ಬರದಿದ್ದರೂ ಎದ್ದು ಹೋಗುತ್ತಾನೆ. ಬೈಕಿನಲ್ಲಿ ಸ್ಟಾಂಡು ಎಷ್ಟು ದೂರ, ಇಳಿಜಾರಿನ ದಾರಿ. ಶ್ಯಾಮಲಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಲ್ಲಿ ನಿಂತಿರುತ್ತಾಳೆ, ಇವನು ನಗುನಗುತ್ತ ಹೋಗಿ ಬ್ಯಾಗು ಎತ್ತಿಕೊಳ್ಳುತ್ತಾನೆ.

"ದೀಪಶ್ರೀ," ಎಂದಳು ವಾಗ್ದೇವಿ. ತನ್ನ ದನಿ ತನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಎಂದಳು, "ದೀಪಶ್ರೀ."

"ಎಸ್ ಮೇಡಂ."

ಒಡಕು ದನಿ, ಶೀತ ಹಿಡಿದ ದನಿ, ಕೊನೆಯಲ್ಲಿ ಸ್ವಲ್ಪ ಎಳೆದಂಥದು. ವಾಗ್ದೇವಿ ಒಂದು ಗಳಿಗೆ ನಂಬಿಯೇಬಿಟ್ಟಳು, ಹುಡುಗಿ ಹೋಗಲಿಲ್ಲ, ಇಲ್ಲೇ ಇದ್ದಾಳೆ ಎಂದು. ಮೂರನೇ ಬೆಂಚಿನ ತುದಿ ಖಾಲಿಯೇ ಇತ್ತು. ಹಿಂದಿನ ಬೆಂಚಿನಲ್ಲಿ ಸುಷ್ಮಾ ಎರಡು ಕೈಯಿಂದ ಡೆಸ್ಕನ್ನು ಬಿಗಿಯಾಗಿ ಹಿಡಿದು ಕೂತಿದ್ದಳು. ಮೂಗಿನ ತುದಿ ಕೆಂಪಾಗಿತ್ತು. ಸುಷ್ಮಾ ಯಾರದಾದರೂ ದನಿ ಮಾಡಿದರೆ ಬಿದ್ದುಬಿದ್ದು ನಗುವ ಕ್ಲಾಸದು. ಅವತ್ತು ಒಬ್ಬರೂ ನಗಲಿಲ್ಲ. ಒಬ್ಬರೂ ಹಿಂದೆ ತಿರುಗಿ ನೋಡಲಿಲ್ಲ. ಎಲ್ಲರೂ ಉಸಿರು ಬಿಗಿಹಿಡಿದು ಕಪ್ಪುಹಲಗೆಯನ್ನು ನೋಡುತ್ತಿದ್ದರು, ಕಿವಿಯೆಲ್ಲ ಕಿಟಕಿಯ ಕಡೆಗೆ.

ಆಗ ವಾಗ್ದೇವಿಗೆ ಗುರುವಾರದ ಮಗ್ಗಿ ಮತ್ತೆ ಕೇಳಿಸಿತು. ಪ್ರೈಮರಿ ಮಕ್ಕಳ ಎಳೆ ದನಿಯಾಗಿರಲಿಲ್ಲ ಅದು. ಅದರಲ್ಲಿ ಗಂಟಲು ಒಡೆಯುತ್ತಿರುವ ಹುಡುಗರ ದನಿಯಿತ್ತು. ಮಿಷನ್ ನಿಂತ ಕೂಡಲೇ ಶುರುವಾಗಿತ್ತು, ತಾನು ಮಾತು ನಿಲ್ಲಿಸುವ ತನಕ ಮುಗಿದಿರಲಿಲ್ಲ. ತಾನು ಗೊಣಗುತ್ತ ಎದ್ದು ಕಿಟಕಿ ಹಾಕಿದ್ದು ನೆನೆದು ಆಕೆಗೆ ನಾಚಿಕೆಯಾಯಿತು, ಅಳುವೂ ಬಂತು. ಅಳುವ ಹಾಗಿರಲಿಲ್ಲ.

ಕಿಟಕಿಯಾಚೆ ಟವೆಲು ಇನ್ನೂ ಅಲುಗಾಡಲಿಲ್ಲ. ದನಿ ಗೊತ್ತಾಗಿಬಿಟ್ಟಿತೇ? ಹೆತ್ತ ಅಪ್ಪ. ದಿನಾ ಕೇಳುವ ದನಿ. ಮುಂದಿನ ಬೆಂಚಿನ ಚೈತ್ರಾ ಕಣ್ಣು ಮುಚ್ಚಿಕೊಂಡಿದ್ದಳು. ವಾಗ್ದೇವಿ ಹಾಜರಿ ಪುಸ್ತಕವನ್ನು ಎದೆಗೆ ಒತ್ತಿ ಹಿಡಿದು ನಿಂತಳು. ನೆಲಕ್ಕೆ ಕೀ ಇಟ್ಟ ಸಣ್ಣ ಸದ್ದು ಕೇಳಿಸಿತು.

ಆಮೇಲೆ ಮಿಷನ್ ಚೀರಿತು.

ಅದು ಚೀರುತ್ತಲೇ ಇತ್ತು. ಅದರ ಸದ್ದಿನಲ್ಲಿ ಎಂಟೂವರೆ ಬಸ್ಸಿನ ಹಾರ್ನು ಕೇಳುವ ಮಾತೇ ಇರಲಿಲ್ಲ. ಆದರೂ ಅಷ್ಟು ಮಕ್ಕಳೂ ಗಡಿಯಾರ ನೋಡುತ್ತಿದ್ದರು. ವಾಗ್ದೇವಿ ಪೆನ್ನು ಎತ್ತಿ, ದೀಪಶ್ರೀಯ ಹೆಸರಿನ ಮುಂದೆ ಏನನ್ನೂ ಬರೆಯದೆ ಬಿಟ್ಟು, ನವ್ಯಾ ಎಂದು ಕರೆದಳು.